ವೃತ್ತಿಶಿಕ್ಷಣದ ಆಡಳಿತವೂ ಗ್ರಾಮಮುಖಂಡರ ಹೊಣೆಯೂ

ಒಕ್ಕಲುತನವು ತಂದೆಯಿಂದ ಮಗನಿಗೆ ನೇಗಿಲಿನ ಬಳಿಯಲ್ಲಿಯೇ ಬರತಕ್ಕ ವಿದ್ಯೆಯೆಂದು ಹಿಂದಿನವರು ಭಾವಿಸಿದ್ದರು. ಹನಿ ನೀರಾವರಿಯ ಕೊಳವೆಯೂ ವಿದ್ಯುತ್ ಪಂಪೂ ಮಣ್ಣುಪರೀಕ್ಷೆಯ ಚೀಟಿಯೂ ಹೊಲಕ್ಕೆ ಬಂದಮೇಲೆ ಆ ವಿದ್ಯೆಯೊಂದೇ ಸಾಲದು. ಉಪ್ಪು ಕಟ್ಟಿದ ಕೊಳವೆಯನ್ನು ಸರಿಪಡಿಸಬಲ್ಲ ಯುವಕನು ಊರಿನಲ್ಲಿಲ್ಲದಿದ್ದರೆ ಬೆಳೆಯು ಒಣಗುವುದು. ಕಲಿತ ಕೆಲಸಕ್ಕೆ ಊರಿನಲ್ಲಿ ಎಡೆಯಿಲ್ಲದಿದ್ದರೆ ಯುವಕನು ಪಟ್ಟಣವನ್ನು ಸೇರುವನು. ಈ ಎರಡು ನಷ್ಟಗಳಿಗೂ ಮುಖ್ಯ ಕಾರಣವಾವುದೆಂದರೆ, ಕಲಿಸತಕ್ಕ ವಿಷಯವನ್ನು ಬಳಸತಕ್ಕವರೊಡನೆ ಆಲೋಚಿಸದೆ ಗೊತ್ತುಮಾಡುವುದೇ ಆಗಿದೆ.

ಪೂರ್ವವೃತ್ತಾಂತ

೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಪ್ರಯೋಗಕ್ಷೇತ್ರಕ್ಕಾಗಿ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ದಯಪಾಲಿಸಿದರು. ೧೯೧೩ರಲ್ಲಿ ಅಲ್ಲಿ ವ್ಯವಸಾಯ ಶಾಲೆಯು ಸ್ಥಾಪಿತವಾಯಿತು; ೧೯೪೬ರಲ್ಲಿ ಕಾಲೇಜೂ ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಆರಂಭವಾದವು. ಕ್ಷೇತ್ರವು ಮೊದಲು, ಶಾಲೆಯು ಅನಂತರ ಎಂಬ ಈ ಕ್ರಮವು ಗಮನಾರ್ಹವಾದುದು. ೧೯೭೪ರಲ್ಲಿ ಪಾಂಡಿಚೇರಿಯಲ್ಲಿ ಸ್ಥಾಪಿತವಾದ ಮೊದಲನೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಮಾಡಿ ಕಲಿಯುವುದೇ ಆಧಾರತತ್ತ್ವವಾಗಿದ್ದಿತು. ಇಂತಹ ಕೇಂದ್ರಗಳ ವೈಜ್ಞಾನಿಕ ಸಲಹಾ ಸಮಿತಿಯಲ್ಲಿ ರೈತರ ಪ್ರತಿನಿಧಿಗಳಿಗೂ ಸ್ಥಾನವುಂಟು.

ಆಗಬೇಕಾದ ಸುಧಾರಣೆಗಳು

೧. ವಿಷಯನಿರ್ಣಯ: ಜರ್ಮನಿಯ ೧೯೬೯ರ ವೃತ್ತಿಶಿಕ್ಷಣ ಶಾಸನದಂತೆ ಏರ್ಪಟ್ಟ ಸಮಿತಿಗಳಲ್ಲಿ ಕೆಲಸ ಕೊಡುವವರು, ಕೆಲಸಗಾರರು, ವೃತ್ತಿಶಾಲೆಯ ಉಪಾಧ್ಯಾಯರು, ಈ ಮೂರು ವರ್ಗಗಳಿಂದಲೂ ಆರಾರು ಮಂದಿ ಪ್ರತಿನಿಧಿಗಳಿರುವರು. ಅಲ್ಲಿ ಬೇಸಾಯವನ್ನು ಕಲಿಯುವ ಯುವಕನು ಸಾಮಾನ್ಯವಾಗಿ ಮೂರು ವರ್ಷ ಒಕ್ಕಲು ಮನೆಯಲ್ಲಿ ದುಡಿಯುತ್ತ, ಶಾಲೆಗೂ ಹೋಗುತ್ತಾನೆ. ಭೂಮಾಲೀಕನು ಇಲ್ಲಿ ಅರ್ಧ ಉಪಾಧ್ಯಾಯನೇ ಸರಿ.

೨. ಪರೀಕ್ಷೆ: ಭಾರತದಲ್ಲಿ ೨೦೧೮ರ ಆಜ್ಞೆಯಿಂದ ಏರ್ಪಟ್ಟ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು, ಪ್ರಮಾಣಪತ್ರ ಕೊಡತಕ್ಕ ಸಂಸ್ಥೆಗಳನ್ನೂ ಪರೀಕ್ಷೆ ನಡೆಸತಕ್ಕ ಸಂಸ್ಥೆಗಳನ್ನೂ ಮಾನ್ಯಮಾಡುತ್ತದೆ. ಆದರೆ ಕಾಗದದ ಮೇಲಣ ಉತ್ತರವು ಕೈಗೆಲಸಕ್ಕೆ ಸಾಕ್ಷಿಯಲ್ಲ. ವಿದ್ಯಾರ್ಥಿಯು ೧೦೦ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವನ್ನೆಣಿಸಿ, ಅದಕ್ಕನುಸಾರವಾಗಿ ಬಿತ್ತನೆಯ ಪ್ರಮಾಣವನ್ನು ಗೊತ್ತುಮಾಡಬಲ್ಲನೇ ಎಂಬುದನ್ನು ನೋಡತಕ್ಕದ್ದು.

೩. ಭೂಮಿಯ ರಕ್ಷಣೆ: ಕೊಳವೆಬಾವಿಯನ್ನು ಕೊರೆಯುವುದನ್ನು ಮಾತ್ರ ಕಲಿಸಿ, ಮಳೆನೀರನ್ನು ಇಂಗಿಸುವುದನ್ನು ಕಲಿಸದಿದ್ದರೆ ಆ ವಿದ್ಯೆಯೇ ಊರಿಗೆ ಕೇಡಾಗುವುದು. ಈ ದಿನದ ಲಾಭವು ಮುಂದಿನ ತಲೆಯವರ ನೀರನ್ನು ತಿನ್ನದಂತೆ ಪಾಠಕ್ರಮವಿರಬೇಕು.

೪. ಲೆಕ್ಕ: ಎಷ್ಟು ಮಂದಿ ಸೇರಿದರೆಂಬ ಪಟ್ಟಿಯೊಂದೇ ಸಾಲದು. ಒಂದು ವರ್ಷದ ಮೇಲೆ ಎಷ್ಟು ಮಂದಿ ಕಲಿತ ಕಸುಬಿನಿಂದಲೇ ಜೀವಿಸುತ್ತಿರುವರೆಂಬುದನ್ನೂ ಬರೆದಿಟ್ಟು ಸಭೆಯ ಮುಂದೆ ಓದತಕ್ಕದ್ದು.

ಗ್ರಾಮಸ್ಥರ ಕರ್ತವ್ಯ

೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯತಿಗಳಿಗೆ ವಹಿಸಬಹುದಾದ ೨೯ ವಿಷಯಗಳ ಪೈಕಿ ತಾಂತ್ರಿಕ ತರಬೇತಿ ಮತ್ತು ವೃತ್ತಿಶಿಕ್ಷಣವು ೧೮ನೆಯದು. ಆದುದರಿಂದ ಗ್ರಾಮಮುಖಂಡರು ಊರಿನಲ್ಲಿ ಕೊರತೆಯಾಗಿರುವ ಕಸುಬುಗಳ ಪಟ್ಟಿಯನ್ನು ತಯಾರಿಸಿ ಗ್ರಾಮಸಭೆಯಲ್ಲಿ ಮಂಡಿಸಬೇಕು. ಹೊಲದಲ್ಲಿ ಹೆಚ್ಚಾಗಿ ದುಡಿಯುವ ಹೆಂಗಸರನ್ನೂ ಕೂಲಿಗಾರರ ಮಕ್ಕಳನ್ನೂ ಆ ಪಟ್ಟಿಯಿಂದ ಬಿಡಕೂಡದು. ಅನುಕೂಲಸ್ಥ ಭೂಮಾಲೀಕರು ತಮ್ಮ ಜಮೀನಿನಲ್ಲಿ ಒಂದೆರಡು ಗುಂಟೆಯನ್ನು ಅಭ್ಯಾಸಕ್ಕೆ ಬಿಟ್ಟು, ಕಲಿಯುವವರಿಗೆ ನ್ಯಾಯವಾದ ಕೂಲಿಯನ್ನು ಕೊಡುವುದು ಶ್ರೇಯಸ್ಕರವು. ಮುಂಗಾರಿಗೆ ಮುಂಚೆಯೇ ಈ ಪಟ್ಟಿಯು ಸಿದ್ಧವಾದರೆ ಆ ವರ್ಷದ ಬೆಳೆಯಲ್ಲಿಯೇ ಶಿಕ್ಷಣವನ್ನು ಆರಂಭಿಸಬಹುದು.