ಚಿಕ್ಕ ಅಡುಗೆಮನೆ: ಮೊದಲು ಗಾಳಿ, ಆಮೇಲೆ ಅಂದ

ಚೆಂಬೂರಿನ ಚಾಳಿನಲ್ಲೋ ಒನ್ ರೂಮ್ ಕಿಚನ್ನಿನಲ್ಲೋ ಇರುವ ನಮ್ಮವರು ಅಡುಗೆಮನೆ ಚೆಂದ ಮಾಡಲು ಹೊರಟರೆ ಮೊದಲು ತರುವುದು ಸಿಲಿಂಡರ್ ಮುಚ್ಚಲು ಒಂದು ಹೂವಿನ ಪರದೆ. ಅಲ್ಲಿಂದಲೇ ಶುರು ಮಾಡೋಣ.

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ, ನೀರಿನಂತೆ ನೆಲದಲ್ಲಿ ಹರಡಿ ಕಟ್ಟೆಯ ಕೆಳಗೇ ನಿಲ್ಲುತ್ತದೆ. ಅಲ್ಲಿ ಪರದೆ ಎಳೆದು, ಈರುಳ್ಳಿ ಬುಟ್ಟಿ, ಹಳೇ ಪೇಪರ್ ತುರುಕಿದರೆ ಅದು ಹೊರಹೋಗುವುದೆಲ್ಲಿಂದ? ಕಡಪ್ಪ ಕಲ್ಲಿನ ಕೆಳಗಿನ ಆ ಜಾಗ ಖಾಲಿಯಾಗಿಯೇ ಇರಲಿ. ಬಾಗಿಲು ಮಾಡಿಸಿದ್ದರೆ ನೆಲಮಟ್ಟದಲ್ಲಿ ತೂತುಗಳಿರಲಿ. ರಬ್ಬರ್ ಪೈಪಿನ ಮೇಲೆ ಮುದ್ರಿಸಿದ ವರ್ಷ ಓದಿ. 5 ವರ್ಷ ದಾಟಿದ್ದರೆ ಬದಲಿಸಿ, ಬಿರುಕು ಕಂಡರೆ ಅದಕ್ಕೂ ಮೊದಲೇ. ನಿಮ್ಮ ಬಜೆಟ್ಟಿನ ಮೊದಲ ಖರ್ಚು ಇದಾಗಲಿ, ಸ್ಟಿಕ್ಕರಲ್ಲ.

ಪೈಪ್ ಗ್ಯಾಸ್ ಬಂದಿರುವ ಮನೆಯಲ್ಲಿ ಲೆಕ್ಕ ತಿರುಗುಮುರುಗು. ಅದು ಗಾಳಿಗಿಂತ ಹಗುರ, ಸೂರಿನತ್ತ ಏರುತ್ತದೆ. ಪಾರಿವಾಳದ ಕಾಟವೆಂದು ಮೇಲಿನ ಜಾಲಿಗೆ ಪ್ಲಾಸ್ಟಿಕ್ ಹೊಡೆಯಬೇಡಿ, ಬಲೆ ಹಾಕಿ.

ಚೆಂಬೂರಿನವರಿಗೆ ಇನ್ನೊಂದು ಮಾತು. ಮಾಹುಲ್ ಕಡೆ ರಿಫೈನರಿಗಳಿರುವುದರಿಂದ ಏನೋ ವಾಸನೆ ಬಂದರೆ ‘ಹೊರಗಿನದು’ ಅಂದುಬಿಡುವುದು ನಮಗೆ ರೂಢಿ. 2019ರ ಸೆಪ್ಟೆಂಬರಿನಲ್ಲಿ ಚೆಂಬೂರಿನಿಂದ ಪೊವಾಯಿವರೆಗೂ ಜನ ಗ್ಯಾಸ್ ವಾಸನೆಯೆಂದು ದೂರಿದ್ದರು. ಆದರೂ ಮೊದಲು ನಿಮ್ಮ ಒಲೆಯ ಹತ್ತಿರ ಮೂಸಿ ನೋಡಿ. ಅಲ್ಲಿಯೇ ವಾಸನೆ ಜೋರಾಗಿದ್ದರೆ ರೆಗ್ಯುಲೇಟರ್ ಅಥವಾ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಫ್ಯಾನ್ ಹಾಕೋಣ ಅನ್ನಿಸುತ್ತದೆ, ಆ ಸ್ವಿಚ್ಚಿನ ಕಿಡಿಯೇ ಸಾಕು ಹೊತ್ತಿಕೊಳ್ಳಲು. ಸಿಲಿಂಡರಾದರೆ ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

ನೀರಿನ ಡ್ರಮ್ಮು ಇಡದೆ ನಮಗೆ ಗತಿಯಿಲ್ಲ. ಡೆಂಗಿ ಸೊಳ್ಳೆಗೂ ಅಂಥ ತಿಳಿನೀರೇ ಬೇಕು. ವಾರಕ್ಕೊಮ್ಮೆ ಬರಿದು ಮಾಡಿ ಒಳಬದಿಯನ್ನು ಬ್ರಷ್ಷಿನಿಂದ ತಿಕ್ಕಿ. ಮೊಟ್ಟೆ ಅಂಚಿಗೆ ಅಂಟಿರುತ್ತದೆ, ಬರೀ ಕುಲುಕಿ ಚೆಲ್ಲಿದರೆ ಹೋಗದು.

ಊರಿಂದ ಬಂದ ಕುಚ್ಚಲಕ್ಕಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿಯನ್ನು ಮುಂಬಯಿಯ ಮಳೆಗಾಲ ಬಿಡುವುದಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ, ಲಿವರಿಗೆ ಕೆಡುಕು ಮಾಡುವ ವಿಷ ಇರಬಹುದು. ಹುರಿದರೂ ಪೂರ್ತಿ ಹೋಗದು. ಅಮ್ಮ ಕಳಿಸಿದ್ದೆಂದು ಆರಿಸಿ ತಿನ್ನಬೇಡಿ, ಎಸೆಯಿರಿ. ಮುಂದಿನ ಸಲ ಕಡಿಮೆ ಕಳಿಸಲು ಹೇಳಿ.

ಇನ್ನು ಅಂದ. ಗೋಡೆಗೆ ತಿಳಿ ಬಣ್ಣ ಹೊಡೆಸಿ, ಜಿಡ್ಡು, ಜಿರಳೆ ಎರಡೂ ಕಾಣುತ್ತವೆ. ಸ್ಟೀಲಿನ ಮಾಂಡಣಿಯನ್ನು ಒಲೆಯ ನೆತ್ತಿಗೆ ಬಿಟ್ಟು ಪಕ್ಕದ ಗೋಡೆಗೆ ಹಾಕಿಸಿ, ಉರಿಯ ಮೇಲೆ ಕೈಚಾಚುವುದು ತಪ್ಪುತ್ತದೆ. ಡಬ್ಬಿಗೆ ದುಡ್ಡು ಸುರಿಯಬೇಡಿ. ಬಿಗಿ ಮುಚ್ಚಳದ ಹಳೇ ಹಾರ್ಲಿಕ್ಸ್ ಬಾಟಲಿಗಳನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ಸಾಲಾಗಿಡಿ.