ಹಸಿರು ಕಂಡ ಕೂಡಲೇ ಕಾಡೆನ್ನಬೇಡಿ

ಮೊನ್ನೆ ಬೊರಿವಲಿ ಲೋಕಲ್‌ನಲ್ಲಿ ನಿಮ್ಮ ವಯಸ್ಸಿನವರೇ ಇಬ್ಬರು, ಮೊಬೈಲಿನಲ್ಲಿ ಎರಡು ಉಪಗ್ರಹ ಚಿತ್ರ ಹಿಡಿದುಕೊಂಡು ‘ನ್ಯಾಷನಲ್ ಪಾರ್ಕ್ ಅರ್ಧ ಖಾಲಿ’ ಎಂದು ಗೋಳಾಡುತ್ತಿದ್ದರು. ಇಣುಕಿ ನೋಡಿದೆ. ಒಂದು ಅಕ್ಟೋಬರಿನದು, ಇನ್ನೊಂದು ಏಪ್ರಿಲಿನದು! ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುಮಾರು 104 ಚದರ ಕಿಲೋಮೀಟರಿನಲ್ಲಿ ಹೆಚ್ಚಿನವು ಎಲೆ ಉದುರಿಸುವ ಮರಗಳು. ಬೇಸಿಗೆಯಲ್ಲಿ ಬೋಳಾಗದೆ ಇನ್ನೇನಾದೀತು? ಹೋಲಿಸುವುದಾದರೆ ಒಂದೇ ತಿಂಗಳ ಚಿತ್ರಗಳನ್ನು ಹೋಲಿಸಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರು ಮಳೆ ಮುಗಿದು ಮೋಡ ಸರಿದ ಮೇಲಿನ ಚಿತ್ರಗಳನ್ನೇ ಆರಿಸುವುದು ಸುಮ್ಮನೆ ಅಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರೆಲ್ಲ ಕಾಡೂ ಅಲ್ಲ. ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ; ಉಪಗ್ರಹ ಲೆಕ್ಕ ಹಿಡಿಯುವುದು ಅದನ್ನು. ಗಾಲ್ಫ್ ಮೈದಾನದ ಹುಲ್ಲೂ ಹಾಗೆಯೇ ಮಾಡುತ್ತದೆ. ಇನ್ನು ಆ ಸಮೀಕ್ಷೆಯವರು 1987ರಿಂದ ಹೊರತರುತ್ತಿರುವ ಅರಣ್ಯ ವರದಿಯ ‘ಅರಣ್ಯ ಹೊದಿಕೆ’ಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರದ ನೆರಳು ನೂರಕ್ಕೆ 10ರಷ್ಟು ಬಿದ್ದರೆ ಸಾಕು, ತೆಂಗಿನ ತೋಟವೂ ಸೇರುತ್ತದೆ. ಅದು ಅವರ ತಪ್ಪಲ್ಲ ಮಾರಾಯರೇ, ವ್ಯಾಖ್ಯೆಯನ್ನು ಮುಚ್ಚಿಟ್ಟಿಲ್ಲ. ಅದನ್ನು ಓದದೆ ‘ಕಾಡು ಹೆಚ್ಚಾಯಿತು’ ಎಂದು ಫಾರ್ವರ್ಡ್ ಮಾಡುವ ನಿಮ್ಮ ಬೆರಳಿನದು ತಪ್ಪು.

ಚಿತ್ರದ ಸೂಕ್ಷ್ಮತೆಯನ್ನೂ ಕೇಳಿ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 23.5 ಮೀಟರ್ ಚೌಕ. ನಮ್ಮ ಒನ್ ಬಿಎಚ್‌ಕೆಯಂಥ ಹತ್ತು ಮನೆ ಅದರೊಳಗೆ ಹಿಡಿದೀತು! ಸೊಸೈಟಿಯವರು ಕಡಿಸಿದ ಒಂದು ಗುಲ್‌ಮೊಹರ್ ಅದರಲ್ಲಿ ಕಾಣಲಿಲ್ಲ ಎಂದು ಮರ ಉಳಿಯಿತು ಅನ್ನಬೇಡಿ.

ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. (ಮರಾಠಿಯವರು ಕಾಂದಳವನ ಅನ್ನುತ್ತಾರೆ, ಕೇಳಿದಾಗೆಲ್ಲ ಊರಿನ ನೆನಪು.) ಥಾಣೆ ಖಾಡಿಯಲ್ಲಿ ಭರತದ ಹೊತ್ತಿನ ಚಿತ್ರ ತೆಗೆದರೆ ಎಳೆಯ ಗಿಡಗಳೆಲ್ಲ ನೀರಿನಡಿ, ಇಳಿತದ ಹೊತ್ತಿನದು ಬೇಕು. ಮಳೆಗಾಲದಲ್ಲಂತೂ ಮೋಡವೇ ಮೋಡ, ಆಗ ರೇಡಾರ್ ಚಿತ್ರ ಹುಡುಕಿ. 2025ರ ಜುಲೈಯಲ್ಲಿ ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಮೋಡದ ಮೂಲಕವೂ ನೋಡಬಲ್ಲದು. 2005ರಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ಕಡಿಯುವುದಕ್ಕೆ ತಡೆ ಹಾಕಿ, ಅವುಗಳ ನಕ್ಷೆ ಮಾಡಿಸಲು ಹೇಳಿತು. ಹಾಗಾಗಿ ಯಾರಾದರೂ ಖಾಡಿಗೆ ಡೆಬ್ರಿಸ್ ಸುರಿಯುವುದು ಕಂಡರೆ, ಬರಿ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನಾಗಬೇಡಿ. ಚಿತ್ರದ ತಾರೀಕು, ಉಪಗ್ರಹದ ಹೆಸರು, ಅಕ್ಷಾಂಶ-ರೇಖಾಂಶ ಬರೆದಿಡಿ. ತಾರೀಕಿಲ್ಲದ ಚಿತ್ರವನ್ನು ಯಾವ ಅಧಿಕಾರಿಯೂ ಪಕ್ಕಕ್ಕೆ ಸರಿಸಿಬಿಡಬಹುದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದರು ಹಿರಿಯರು. ನೀವೋ, ನೂರಾರು ಮೈಲಿ ಎತ್ತರದಿಂದ ಕಂಡದ್ದನ್ನೇ ನಂಬುತ್ತೀರಿ. ಅನುಮಾನದ ಚುಕ್ಕಿಗಳನ್ನು ಗುರುತು ಹಾಕಿಕೊಂಡು ನಡೆದು ಹೋಗಿ, ಅಲ್ಲಿರುವುದು ಸಾಗುವಾನಿಯೋ ಸುಬಾಬುಲ್ಲೋ ನೋಡಿ, ಫೋಟೋ ತೆಗೆದುಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಚಿರತೆಗಳಿವೆ. ಸೋಮವಾರ ಪಾರ್ಕಿಗೆ ರಜೆ, ಭಾನುವಾರ ಬೆಳಿಗ್ಗೆಯೇ ಹೊರಡಿ. ಚಪ್ಪಲಿಯಲ್ಲಲ್ಲ, ಶೂ ಹಾಕಿಕೊಂಡು.