ನಂಬಿಕೆ ಬದಲಾದರೂ ಬೆನ್ನು ಬಾಗದಿರಲಿ

ಓದುವ ವಯಸ್ಸಿನಲ್ಲಿ ದೇವರಿಲ್ಲ ಅನ್ನಿಸಿದರೆ ಗಾಬರಿಯಾಗಬೇಡಿ. ಮುಂದೆಂದೋ ಇದ್ದಾನೆ ಅನ್ನಿಸಿದರೆ ನಾಚಿಕೊಳ್ಳಲೂ ಬೇಡಿ. ಮೊದಲನೆಯದಕ್ಕೆ ಮನೆಯ ಹಿರಿಯರು ಗದರುತ್ತಾರೆ, ಎರಡನೆಯದಕ್ಕೆ ಗೆಳೆಯರು ನಗುತ್ತಾರೆ. ಈ ಎರಡಕ್ಕೂ ಹೆದರದೆ ಬದುಕಿದ ಒಬ್ಬ ಹೆಣ್ಣುಮಗಳ ಕಥೆ ನಿಮಗೆ ಗೊತ್ತಿರಬೇಕು. 1917ರಲ್ಲಿ ಬೆಂಗಳೂರಿನ ನ್ಯಾಷನಲ್ ವಿದ್ಯಾಸಂಸ್ಥೆಗೆ ನಾಂದಿ ಹಾಡಿದ ಆನಿ ಬೆಸೆಂಟ್ ಅವರ ಕಥೆ ಅದು.

ಅವರು ಹುಟ್ಟಿದ್ದು 1847ರಲ್ಲಿ, ಲಂಡನ್ನಿನಲ್ಲಿ. ಇಪ್ಪತ್ತಕ್ಕೆಲ್ಲ ಪಾದ್ರಿಯೊಬ್ಬರ ಹೆಂಡತಿ. 1871ರಲ್ಲಿ ವರ್ಷ ತುಂಬದ ಮಗಳು ಮೇಬಲ್‌ಗೆ ನಾಯಿಕೆಮ್ಮು ಬಂತು. ಉಸಿರಿಗೆ ಒದ್ದಾಡುವ ಕೂಸನ್ನು ವಾರಗಟ್ಟಲೆ ತೋಳಲ್ಲಿ ಹಿಡಿದು ಕೂತ ತಾಯಿಯನ್ನು ಒಂದೇ ಪ್ರಶ್ನೆ ಕಾಡಿತು: ಏನೂ ಅರಿಯದ ಜೀವಕ್ಕೆ ಇಂಥ ನೋವು ಕೊಡುವವನನ್ನು ಕರುಣಾಳು ಅಂತ ಹೇಗೆ ಕರೆಯುವುದು? ಮಗು ಉಳಿಯಿತು, ಪ್ರಶ್ನೆಯೂ ಉಳಿಯಿತು. ಮನಸ್ಸೊಪ್ಪದ ಮೇಲೆ ಚರ್ಚಿನಲ್ಲಿ ಪ್ರಭುಭೋಜನ ಸ್ವೀಕರಿಸುವುದನ್ನು ಬಿಟ್ಟರು. ಅದರ ಬೆಲೆಯಾಗಿ 1873ರಲ್ಲಿ ಮನೆಯನ್ನೇ ಬಿಡಬೇಕಾಯಿತು. ಮರುವರ್ಷ ನಾಸ್ತಿಕ ಮುಖಂಡ ಚಾರ್ಲ್ಸ್ ಬ್ರಾಡ್ಲಾ ಅವರ ಜೊತೆಗೂಡಿದರು. ಸಂತಾನ ನಿಯಂತ್ರಣದ ತಿಳಿವಳಿಕೆ ಬಡವರಿಗೂ ಸಿಗಲೆಂದು 1877ರಲ್ಲಿ ಇಬ್ಬರೂ ಒಂದು ಪುಸ್ತಕ ಪ್ರಕಟಿಸಿ ಕಟಕಟೆ ಹತ್ತಿದರು. ಮರುವರ್ಷ ನ್ಯಾಯಾಲಯ ಮೇಬಲ್‌ಳನ್ನು ತಾಯಿಯಿಂದ ಬೇರ್ಪಡಿಸಿತು. ತಾಯಿಯ ನಾಸ್ತಿಕತೆಯೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಒಂದು ಸುಳ್ಳು ಹೇಳಿ ಮಗಳನ್ನು ಉಳಿಸಿಕೊಳ್ಳಲು ನೋಡಬಹುದಿತ್ತು. ಅವರು ಹೇಳಲಿಲ್ಲ.

ಇಷ್ಟೆಲ್ಲ ತೆತ್ತವರು 1889ರಲ್ಲಿ ಬದಲಾದರು. ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್ ವಿಮರ್ಶೆಗೆಂದು ಕೊಟ್ಟ, ಥಿಯಾಸಫಿಕಲ್ ಸೊಸೈಟಿಯ ಸಂಸ್ಥಾಪಕರಲ್ಲೊಬ್ಬರಾದ ಬ್ಲಾವಟ್‌ಸ್ಕಿಯವರ ಪುಸ್ತಕ ಓದಿ, ಅವರನ್ನು ಹುಡುಕಿಕೊಂಡು ಹೋಗಿ, ಆ ಸೊಸೈಟಿ ಸೇರಿದರು. ಮರಳಿ ಹೋದದ್ದು ಚರ್ಚಿನ ದೇವರ ಬಳಿಗಲ್ಲ. ಕರ್ಮ, ಪುನರ್ಜನ್ಮ, ಎಲ್ಲದರೊಳಗೂ ಇರುವ ಒಂದು ಚೈತನ್ಯ ಎಂಬ ಕಡೆಗೆ. ದೇವರನ್ನು ಯಾಕೆ ನಂಬುವುದಿಲ್ಲ ಎಂದು ಕಿರುಹೊತ್ತಗೆ ಬರೆದು ಆಗ ಎರಡೇ ವರ್ಷವಾಗಿತ್ತು.

ಇಲ್ಲೊಂದು ಸಂಗತಿ ಗಮನಿಸಿ. ಸಂಕಟ ಬಂದಾಗ ವೆಂಕಟರಮಣ ಎನ್ನುವುದು ಲೋಕರೂಢಿ. ಆನಿ ಬೆಸೆಂಟ್ ಅವರ ಬಾಳಿನಲ್ಲಿ ನಡೆದದ್ದು ಅದರ ತಿರುಗುಮುರುಗು. ಸಂಕಟದಲ್ಲಿ ದೇವರು ದೂರವಾದ. ಹತ್ತಿರವಾದದ್ದು ಕೈತುಂಬ ಕೆಲಸವಿದ್ದಾಗ. ಹಿಂದಿನ ವರ್ಷ, 1888ರಲ್ಲಿ, ರಂಜಕದ ವಿಷಕ್ಕೆ ದವಡೆ ಕೊಳೆಯುವ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರಕ್ಕೆ ಬೆನ್ನೆಲುಬಾಗಿ ನಿಂತು ಗೆಲ್ಲಿಸಿದ್ದರು. ಆದ್ದರಿಂದ ನನ್ನ ಮೊದಲ ಮಾತು ಇದು: ಆಸ್ಪತ್ರೆಯ ವರಾಂಡದಲ್ಲಿ, ಫಲಿತಾಂಶದ ಹಿಂದಿನ ರಾತ್ರಿ ಬೇಕಿದ್ದರೆ ಕೈಮುಗಿಯಿರಿ. ಅದು ಮನುಷ್ಯ ಸಹಜ. ಆದರೆ ದೇವರಿದ್ದಾನೋ ಇಲ್ಲವೋ ಎಂಬ ತೀರ್ಮಾನವನ್ನು ಆ ಗಳಿಗೆಗೆ ಬಿಡಬೇಡಿ. ಹರಕೆ ಫಲಿಸಿತೆಂದು ನಂಬಿದವನು, ಇನ್ನೊಂದು ಹರಕೆ ಫಲಿಸದಿದ್ದ ದಿನ ಆ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ.

ಎರಡನೆಯದು, ಯಾರ ನಂಬಿಕೆಯನ್ನೂ ಚುಚ್ಚಬೇಡಿ. 1891ರಲ್ಲಿ ಬ್ರಾಡ್ಲಾ ತೀರಿಕೊಂಡಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯೂ ಅಂತ್ಯಕ್ರಿಯೆಗೆ ಹೋಗಿದ್ದರು. ಹಿಂದಿರುಗುವಾಗ ರೈಲಿಗೆ ಕಾಯುತ್ತಿದ್ದವರ ನಡುವೆ ನಾಸ್ತಿಕನೊಬ್ಬ ಪಾದ್ರಿಯನ್ನು ತರಾಟೆಗೆ ತೆಗೆದುಕೊಂಡ. ಭೂಮಿಯ ಸುತ್ತಳತೆ ಗೊತ್ತಲ್ಲ, ನಿನ್ನ ದೇವರ ಅಳತೆ ಎಷ್ಟು, ಎಲ್ಲಿದ್ದಾನೆ ಹೇಳು ಅಂದ. ನಮ್ಮಿಬ್ಬರ ಎದೆಯಲ್ಲೂ ಇದ್ದಾನೆ ಎಂದು ಮೆಲ್ಲಗೆ ಹೇಳಿದ ಪಾದ್ರಿ, ಆಮೇಲೆ ಸುಮ್ಮನಾದ. ನಾಸ್ತಿಕವಾದದ ಮೇಲಿನ ತಮ್ಮ ಬೇಸರ ಅದರಿಂದ ಇನ್ನೂ ಹೆಚ್ಚಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ತನ್ನ ನಾಯಕನಿಗೆ ಗೌರವ ಸಲ್ಲಿಸಲು ಬಂದವನೇ ಪಕ್ಕದಲ್ಲಿದ್ದ ತರುಣನನ್ನು ಆ ನಾಯಕನ ವಿಚಾರದಿಂದ ಇನ್ನಷ್ಟು ದೂರ ಮಾಡಿದ. ಆಸ್ತಿಕರಿಗೂ ಇದೇ ಮಾತು. ‘ನೋಡು, ಅಂಥಾ ಬೆಸೆಂಟರೇ ಕೊನೆಗೆ ನಂಬಿದರು’ ಎಂದು ಸಂಶಯದಲ್ಲಿರುವ ಹುಡುಗನ ಮೇಲೆ ಎಸೆಯಬೇಡಿ. ಇನ್ನೊಬ್ಬರ ಬದಲಾವಣೆ ಅವರ ದುಡಿಮೆಯ ಫಲ, ನಿಮ್ಮ ವಾದಕ್ಕೆ ಸಾಕ್ಷಿಯಲ್ಲ.

ಮೂರನೆಯದೇ ಮುಖ್ಯ. ನಂಬಿದ ಮೇಲೂ ಪ್ರಶ್ನೆ ಕೇಳುತ್ತಿರಿ. ಬೆಸೆಂಟರು ಭಾರತಕ್ಕೆ ಬಂದು ನೆಲೆಸಿದ ಮೇಲೆ, 1909ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕಣ್ಣಿಗೆ ಬಿದ್ದ ಬಾಲಕ ಜಿಡ್ಡು ಕೃಷ್ಣಮೂರ್ತಿಯನ್ನು ಜಗದ್ಗುರುವಾಗಲಿದ್ದಾನೆಂದು ಬೆಳೆಸಿದರು. ಅದಕ್ಕೆಂದೇ ಕಟ್ಟಿದ್ದ ಸಂಘವನ್ನು 1929ರಲ್ಲಿ ವಿಸರ್ಜಿಸಿದವರು ಸ್ವತಃ ಕೃಷ್ಣಮೂರ್ತಿ. ಗುರು ಕೇಳದ ಪ್ರಶ್ನೆಯನ್ನು ಶಿಷ್ಯ ಕೇಳಬೇಕಾಯಿತು. ಬೆಸೆಂಟರು ನಾಂದಿ ಹಾಡಿದ ಸಂಸ್ಥೆಯದೇ ನ್ಯಾಷನಲ್ ಕಾಲೇಜಿಗೆ ಮುಂದೆ ಪ್ರಾಂಶುಪಾಲರಾದವರು ಎಚ್. ನರಸಿಂಹಯ್ಯ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ವಿಚಾರವಾದಿ. ದೈವದ ಕಡೆಗೆ ತಿರುಗಿದವರು ಹಚ್ಚಿದ ದೀಪಕ್ಕೆ ವಿಚಾರವಾದಿ ಎಣ್ಣೆ ಎರೆದರು. ಎರಡೂ ಬಗೆಯ ಜನ ನಮ್ಮ ಮಕ್ಕಳಿಗೆ ಬೇಕು.

ಬೆಸೆಂಟರ ನಂಬಿಕೆ ಬದಲಾಯಿತು, ಬೆನ್ನು ಬಾಗಲಿಲ್ಲ. ನಾಸ್ತಿಕರಾಗಿ ಕಟಕಟೆ ಹತ್ತಿದವರು ಆಸ್ತಿಕರಾಗಿ, ಎಪ್ಪತ್ತರ ಅಂಚಿನಲ್ಲಿ, 1917ರಲ್ಲಿ ಹೋಂ ರೂಲ್ ಚಳವಳಿಗಾಗಿ ಬಂಧನಕ್ಕೊಳಗಾದರು. ಅದೇ ವರ್ಷ ಕಾಂಗ್ರೆಸ್ ಅಧ್ಯಕ್ಷರಾದರು. ತಮ್ಮ ಈ ಬದಲಾವಣೆಗೆ ಬ್ರಾಡ್ಲಾ ವಿಷಾದಪಟ್ಟಿದ್ದರೂ, 1893ರ ಆತ್ಮಕಥೆಯಲ್ಲಿ ಅವರ ಬಗ್ಗೆ ಗೌರವದಿಂದಲೇ ಬರೆದರು.

ನಾಳೆ ನಿಮ್ಮ ಮನಸ್ಸೂ ತಿರುಗಬಹುದು. ತಿರುಗಿದರೆ ಮುಚ್ಚಿಡಬೇಡಿ, ಹಳೆಯ ಗೆಳೆಯರಿಗೆ ನೀವೇ ಮೊದಲು ಹೇಳಿ. ಅವರು ಬೈದರೆ ಕೇಳಿಸಿಕೊಳ್ಳಿ, ಅವರನ್ನು ಬೈಯಬೇಡಿ. ನಿನ್ನೆ ಯಾರ ಪರವಾಗಿ ನಿಂತಿದ್ದಿರೋ ಅವರ ಕೈ ಇಂದೂ ಬಿಡಬೇಡಿ. ಹಸಿದವರು, ತುಳಿತಕ್ಕೆ ಸಿಕ್ಕವರು ನೀವು ಆಸ್ತಿಕರೋ ನಾಸ್ತಿಕರೋ ಎಂದು ಕೇಳುವುದಿಲ್ಲ, ಬಂದಿರೋ ಇಲ್ಲವೋ ಎಂದಷ್ಟೇ ನೋಡುತ್ತಾರೆ.